ಹಿಂದಿರುಗಿ ನೋಡದೆ ಬಾ

ಬಾಗಲೂರು
ಭಾನುವಾರ, 3 ಜೂನ್ 2018

ಪ್ರೀತಿಯ ನಸೀಮಾ,

ಈ ಕಾಗದ ಹಿಡಿದು ನಿನ್ನ ಬಾಗಿಲಲ್ಲಿ ನಿಂತಿರುವವಳನ್ನು ಮೊದಲು ಒಳಗೆ ಕರೆದು ಕೂರಿಸು. ಮಗುವಿಗೆ ಸ್ವಲ್ಪ ಹಾಲು ಕಾಯಿಸಿ ಕೊಡು. ಆಮೇಲೆ ನಿಧಾನವಾಗಿ ಓದು. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಯುಗಾದಿಗೆ ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಈಗ ಬರೆಯುತ್ತಿರುವುದೂ ನಿನಗೆ ಕೆಲಸ ಹಚ್ಚುವುದಕ್ಕೇ. ಅದೂ ರಂಜಾನ್ ಉಪವಾಸದಲ್ಲಿ! ಜಾಫರ್ ಭಾಯಿಗೆ ನೀನೇ ಸಮಾಧಾನ ಹೇಳಬೇಕು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆ ಫೋನನ್ನು ಮುಟ್ಟಲು ಈಗ ನನಗೆ ಕೈ ಬರುತ್ತಿಲ್ಲ.

ಇವಳು ಗ್ರೇಸ್, ಉಗಾಂಡಾದವಳು. ಇಲ್ಲಿ ಕಾಲೇಜಿಗೆ ಸೇರಿ ಓದುತ್ತಿದ್ದಾಳೆ. ನಾವಿರುವುದು ಮೊದಲ ಮಹಡಿ, ನಮ್ಮ ಮೇಲಿನ ಮನೆಯಲ್ಲಿ ಇವಳು ಬಾಡಿಗೆಗಿದ್ದಾಳೆ. ಗಂಡ ಜೋಸೆಫ್, ಅಪ್ಪ ತೀರಿಕೊಂಡರೆಂದು ಊರಿಗೆ ಹೋಗಿದ್ದಾನೆ, ಈ ತಿಂಗಳ ಕೊನೆಗೆ ಬರುತ್ತಾನೆ. ಅಲ್ಲಿಯವರೆಗೆ ಇವಳನ್ನೂ ಮಗುವನ್ನೂ ನಿನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕು. ಇಲ್ಲಿದ್ದರೆ ಇವರಿಬ್ಬರನ್ನು ಏನಾದರೂ ಮಾಡಿಬಿಡುತ್ತಾರೆ ಕಣೇ. ನನಗೆ ನಿಜವಾಗಿಯೂ ಭಯವಾಗಿದೆ.

ಮಗುವಿನ ಹೆಸರು ಡೇನಿಯಲ್. ನಮ್ಮತ್ತೆ ದೊಡ್ಡಮುನಿಯಮ್ಮನವರ ನಾಲಿಗೆಗೆ ಅದು ಹೊರಳುವುದಿಲ್ಲ, ಹಾಗಾಗಿ ಅವನು ನಮ್ಮ ಮನೆಯಲ್ಲಿ ಮುನಿಯ. ನಮ್ಮವರಿಗಂತೂ ಅವನನ್ನು ಕಂಡರೆ ಪ್ರಾಣ. ಸೈಟಿನ ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಅವನನ್ನು ಎತ್ತಿಕೊಳ್ಳುತ್ತಾರೆ. ಗ್ರೇಸ್‌ಗೆ ಇವರು 'ಅಣ್ಣ'. ಅನಂತರಾಜು ಎಂಬ ಹೆಸರು ಅವಳಿಗೆ ಗೊತ್ತೇ ಇಲ್ಲವೇನೋ. ನಿನಗೆ ಇವರ ಸ್ವಭಾವ ಗೊತ್ತಲ್ಲ, ಯಾರಿಗೂ ಗಟ್ಟಿಯಾಗಿ ಒಂದು ಮಾತಾಡಿದವರಲ್ಲ. ಸೋಮಾರಿತನ ಒಂದು ಬಿಟ್ಟರೆ ದೂರಲು ಏನೂ ಇಲ್ಲ. ಯುಗಾದಿಗೆ ನಡುಮನೆಯ ಕಿಟಕಿಗೆ ಕಟ್ಟಿದ ಮಾವಿನ ತೋರಣ ಒಣಗಿ ಹಪ್ಪಳವಾಗಿದೆ, ಬಿಚ್ಚಿ ಎಂದು ಹೇಳಿ ಹೇಳಿ ನನಗೇ ಬಾಯಿ ನೋವು ಬಂತು.

ಹೋದ ಮಂಗಳವಾರ ಮಗುವಿಗೆ ಮೈ ಬೆಚ್ಚಗಾಗಿ ಒಂದೇ ಸಮನೆ ರಚ್ಚೆ ಹಿಡಿಯಿತು. ಡಾಕ್ಟರ ಔಷಧಿ ಆಗಿತ್ತು. ಆದರೂ ಅತ್ತೆ ಬಿಡಬೇಕಲ್ಲ! 'ದಿಷ್ಟಿ ಆಗೈತೆ ಕಣಮ್ಮಿ, ನೀರು ಕದಡು' ಎಂದರು. ನಾನು ಮುದ್ದೆ ತಿರುವುತ್ತಿದ್ದೆ, ಕೈ ಬಿಡುವಿರಲಿಲ್ಲ. ಇವರೇ ತಟ್ಟೆಗೆ ನೀರು ಹಾಕಿ, ಅರಿಶಿನ ಸುರಿದು, ಅತ್ತೆಯ ಎಲೆಅಡಿಕೆ ಡಬ್ಬಿಯಿಂದ ಸುಣ್ಣ ತೆಗೆದು ಕದಡಿಕೊಟ್ಟರು. ನೀರು ಕೆಂಪಗಾಗಿದ್ದು ನೋಡಿ ಗ್ರೇಸ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಅತ್ತೆ ನಿವಾಳಿಸಿದರು. ಆದರೆ ಅವರ ಮಂಡಿ ನೋವಿಗೆ ಮೆಟ್ಟಿಲಿಳಿಯಲು ಆಗುವುದಿಲ್ಲ. ಮನೆ ಮುಂದಿನ ಮೂರುದಾರಿಯಲ್ಲಿ ಚೆಲ್ಲಿ ಬಾ ಎಂದು ಗ್ರೇಸ್ ಕೈಗೇ ತಟ್ಟೆ ಕೊಟ್ಟರು. 'ಯಾರ್ ಕರದ್ರೂ ಮಾತಾಡ್ಬೇಡ, ಇಂದಕ್ ತಿರುಗಿ ನೋಡ್ದೆ ಬಾ' ಎಂದು ಹೇಳಿ ಕಳಿಸಿದರು.

ದೀಪ ಹಚ್ಚುವ ಹೊತ್ತು. ಮಗು ಕಂಕುಳಲ್ಲಿತ್ತು. ಹಾಲಿನ ಡೈರಿಯ ಮುನಿಆಂಜಿನಪ್ಪ 'ಏನಮ್ಮಾ ಅದು?' ಎಂದು ಕೇಳಿದನಂತೆ. ಇವಳು ತುಟಿ ಬಿಚ್ಚಲಿಲ್ಲ. 'ಏಯ್!' ಎಂದು ಕೂಗಿದನಂತೆ. ತಿರುಗಿಯೂ ನೋಡಲಿಲ್ಲ. ನಮ್ಮ ಹೆಣ್ಣುಮಕ್ಕಳು ಯಾರಾದರೂ ಹಾಗೆ ಹೋಗಿದ್ದರೆ, ದೃಷ್ಟಿ ಚೆಲ್ಲಿ ಬರುತ್ತಿದ್ದಾಳೆ ಎಂದು ಅವನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ.

ಮರುದಿನ ಬೆಳಗಾಗುವಷ್ಟರಲ್ಲಿ ಫೇಸ್‌ಬುಕ್ಕಿನ ನಮ್ಮೂರ ಗುಂಪಿನಲ್ಲಿ, ಮೂರುದಾರಿಯಲ್ಲಿ ನೀರು ಚೆಲ್ಲುತ್ತಿರುವ ಅವಳ ಫೋಟೋ. 'ಊರ ಕಾವಲುಗಾರ' ಅಂತ ಹೆಸರಿಟ್ಟುಕೊಂಡ ಒಬ್ಬ ಹಾಕಿದ್ದ. 'ಆಫ್ರಿಕಾದವರ ಮಾಟ. ಮೂರುದಾರಿಯಲ್ಲಿ ರಕ್ತ. ಮುಂದಿನ ಸರದಿ ನಿಮ್ಮ ಮಗುವಿನದು. ಎಲ್ಲರಿಗೂ ಕಳಿಸಿ.' ಅದರ ಕೆಳಗೆ ಜನ ಬರೆದಿದ್ದನ್ನು ಈ ಕಾಗದದಲ್ಲಿ ಬರೆದರೆ ನಿನ್ನ ಮನೆ ಮೈಲಿಗೆಯಾಗುತ್ತದೆ. ಅವಳ ಬಣ್ಣ, ಕೂದಲು, ಹೆತ್ತವರು, ಯಾವುದನ್ನೂ ಬಿಟ್ಟಿಲ್ಲ. ಕೋತಿ ಅನ್ನುವುದೇ ಅದರಲ್ಲಿ ಮರ್ಯಾದೆಯ ಮಾತು. ಬರೆದವರಲ್ಲಿ ಅರ್ಧ ಜನ ನನಗಿಂತ, ನಮ್ಮತ್ತೆಗಿಂತ ಕಪ್ಪು, ಅದು ಬೇರೆ ಮಾತು.

ಸಂಜೆಯೊಳಗೆ ಅದು ವಾಟ್ಸಾಪಿಗೆ ಹಾರಿತು. ಯಶವಂತಪುರ ಯಾರ್ಡಿನಲ್ಲಿ ಈರುಳ್ಳಿ ಮಂಡಿ ಇಟ್ಟಿರುವ ನಮ್ಮ ಭಾವನಿಗೂ ಬಂತು. ಅಷ್ಟರಲ್ಲಿ ಆ ಸುದ್ದಿಯಲ್ಲಿ ಊರು ಹೆಬ್ಬಾಳವಾಗಿತ್ತು, ಒಂದು ಮಗು ಕಾಣೆಯಾಗಿತ್ತು. ಅಕ್ಕ ಗಾಬರಿಯಾಗಿ 'ಮಂಜೂ, ಮಕ್ಕಳನ್ನ ಆಚೆ ಬಿಡ್ಬೇಡ ಕಣೇ' ಎಂದು ಅದೇ ಫೋಟೋವನ್ನು ನನಗೇ ಕಳಿಸಿದಳು. ನಮ್ಮ ಮನೆಯ ಅರಿಶಿನದ ನೀರು ಊರೆಲ್ಲ ಸುತ್ತಿ ರಕ್ತವಾಗಿ ಮನೆಗೆ ಬಂತು ನೋಡು.

ಗುರುವಾರ ಗೇಟಿನ ಮುಂದೆ ಜನ ಸೇರಿದರು. ಹೊರಗಿನವರು ಯಾರೂ ಇಲ್ಲ ನಸೀಮಾ. ನಮ್ಮ ಗೃಹಪ್ರವೇಶದಲ್ಲಿ ಉಂಡವರೇ. ಅತ್ತೆ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಹೋದರು.

'ಆ ನೀರು ನಿವಾಳ್ಸಿದ್ದು ನಾನೇ ಕಣ್ರೋ! ನೀವೆಲ್ಲ ಉಟ್ಟಿದಾಗ ನಿಮ್ಗೂ ದಿಷ್ಟಿ ತೆಗ್ದೋಳು ನಾನೇ. ಆವಾಗ ಅದು ದಿಷ್ಟಿ, ಈ ಹುಡ್ಗಿ ಚೆಲ್ಲುದ್ರೆ ಮಾಟವೇನ್ರೋ?'

ಮುನಿಆಂಜಿನಪ್ಪ ತಲೆ ತಗ್ಗಿಸಿದ. 'ನಿಮ್ಗಲ್ಲ ಅಜ್ಜಿ ಹೇಳ್ತಿರೋದು. ಮೊಬೈಲಲ್ಲಿ ಬಂದೈತಲ್ಲ, ಫೋಟೋನೇ ಐತೆ' ಎಂದ.

'ಮೊಬೈಲು ಕಂಡಿದ್ದೇ ನಿಜ, ನಾನು ಕಂಡಿದ್ದು ಸುಳ್ಳಾ?'

ಎಲ್ಲರೂ ಮೆಲ್ಲಗೆ ಜಾಗ ಖಾಲಿ ಮಾಡಿದರು. ಮುಗಿಯಿತು ಎಂದುಕೊಂಡೆ. ಅವರು ಮನೆ ಮುಟ್ಟುವಷ್ಟರಲ್ಲಿ ಗುಂಪಿನಲ್ಲಿ ಬಂದಿತ್ತು: 'ಮುದುಕಿಗೂ ಮಾಟ ಮಾಡಿದ್ದಾಳೆ.'

ಶುಕ್ರವಾರದಿಂದ ಡೈರಿಯಲ್ಲಿ ನಮಗೆ ಹಾಲು ಖಾಲಿ. ಬೈಕುಗಳು ಗೇಟಿನ ಹತ್ತಿರ ಬಂದು ನಿಧಾನವಾಗುತ್ತವೆ, ನಿಲ್ಲುವುದಿಲ್ಲ. ನಿನ್ನೆ ಗ್ರೇಸ್ ಮಗುವನ್ನು ಡಾಕ್ಟರಿಗೆ ತೋರಿಸಲು ಹೊರಟಿದ್ದಳು. ಬಸ್ ಸ್ಟಾಪಿನಲ್ಲಿ ಯಾರೋ 'ಇದು ಯಾರ ಮಗು?' ಎಂದು ಅವಳ ಕೈಯಿಂದಲೇ ಕಿತ್ತುಕೊಂಡರು. ಒಬ್ಬ ಕಂಡಕ್ಟರು ಪುಣ್ಯಾತ್ಮ, ಬಸ್ಸಿಂದಿಳಿದು ಬಂದು ಬಿಡಿಸಿಕೊಟ್ಟ. ಮಗುವಿನ ತೋಳು ನೋಡು, ಬೆರಳಿನ ಗುರುತು ಇನ್ನೂ ಇದೆ. ಅವಳು ಅಳಲಿಲ್ಲ. 'ಅಕ್ಕಾ, ನಾನು ಹಿಂದೆ ನೋಡಿಲ್ಲ, ಮಾತಾಡಿಲ್ಲ. ಏನು ತಪ್ಪು ಮಾಡಿದೆ?' ಎಂದು ತನ್ನ ಹರಕು ಕನ್ನಡದಲ್ಲಿ ಕೇಳಿದಳು. ನನಗೆ ಅಳು ಬಂತು.

ಸಂಜೆ ಕಾವಲುಗಾರ ಮತ್ತೆ ಬರೆದ: 'ಸೋಮವಾರ ಸಂಜೆ ಆರಕ್ಕೆ ಎಲ್ಲರೂ ಮೂರುದಾರಿಗೆ ಬನ್ನಿ. ಒಂದು ತೀರ್ಮಾನ ಆಗಲಿ.'

ಪೊಲೀಸರಿಗೆ ಹೇಳೋಣ ಎಂದರೆ ಇವರು ಬೇಡವೆಂದರು. 'ಊರವ್ರ ಮೇಲೆ ಕಂಪ್ಲೇಂಟ್ ಕೊಟ್ಟು ಇಲ್ಲಿ ಬಾಳೋದ್ ಹೆಂಗೆ? ನಮ್ ಜನ ಒಳ್ಳೇವ್ರು ಕಣೇ, ಯಾರೋ ಹೊರಗಿನವನು ಹಾಕಿರ್ತಾನೆ' ಎಂದರು. ಇವತ್ತು, ಅವಳು ಮಂಗಳೂರಿನ ಗೆಳತಿಯ ಮನೆಗೆ ಹೋಗುತ್ತಾಳೆ ಎಂದೆ. 'ಸರಿ, ಸೋಮವಾರ ಸಂಜೆ ನಾನೇ ಕಾರಲ್ಲಿ ಸ್ಟೇಷನ್‌ಗೆ ಬಿಡ್ತೀನಿ, ಅಲ್ಲೀವರ್ಗೂ ಮನೇಲೇ ಇರ್ಲಿ' ಎಂದರು. ನನಗೆ ಅಷ್ಟು ಹೊತ್ತು ಕಾಯಲು ಮನಸ್ಸಿಲ್ಲ. ನಾಳೆ ಬೆಳಿಗ್ಗೆ ಇವರು ಸೈಟಿಗೆ ಹೋದ ಕೂಡಲೇ ಆಟೋದಲ್ಲಿ ಯಶವಂತಪುರಕ್ಕೆ ಕರೆದೊಯ್ದು ನಿಮ್ಮ ತುಮಕೂರಿನ ರೈಲು ಹತ್ತಿಸುತ್ತೇನೆ.

ನಸೀಮಾ, ನೀನು ನಮ್ಮ ಆರ್.ಟಿ. ನಗರದ ಶಾಲೆಯ ಗ್ರೂಪು ಬಿಟ್ಟ ದಿನ ನನ್ನನ್ನು ಕೇಳಿದ್ದೆ: 'ಮದ್ವೆಮನೇಲಿ ಸಿಕ್ರೆ ಕೈ ಹಿಡ್ಕೊಂಡು ಬಿಡಲ್ಲ. ಫೋನಲ್ಲಿ ಯಾಕೆ ಮಂಜೂ ನಮ್ಮೋರನ್ನ ಹಿಂಗೆ ಉಗೀತಾರೆ?' ನಾನು ದೊಡ್ಡ ತಿಳಿದವಳ ಹಾಗೆ, 'ಮುಖ ಇಲ್ಲದ ಪಡ್ಡೆಗಳು ಕಣೇ, ಕೆಲಸವಿಲ್ಲ, ತಲೆ ಕೆಡಿಸ್ಕೋಬೇಡ' ಎಂದಿದ್ದೆ. ಈಗ ಹಾಗನ್ನಿಸುವುದಿಲ್ಲ. ಎದುರು ನಿಂತಾಗ ನಾಲಿಗೆಗೆ ಒಂದು ದಾಕ್ಷಿಣ್ಯ ಇರುತ್ತದೆ, ಬೆರಳಿಗೆ ಯಾರ ದಾಕ್ಷಿಣ್ಯ? ಹೊಟ್ಟೆಯಲ್ಲಿ ಮೊದಲಿಂದಲೂ ಇದ್ದದ್ದನ್ನೇ ಅಲ್ಲಿ ಕಕ್ಕುತ್ತಾರೆ. ಒಬ್ಬ ಕಕ್ಕಿದರೆ ಹತ್ತು ಜನ ಶಭಾಷ್ ಅನ್ನುತ್ತಾರೆ. ಕಳಿಸಿದವರೆಲ್ಲ 'ಮಕ್ಕಳ ಒಳ್ಳೇದಕ್ಕೆ ಕಳಿಸಿದೆ' ಅಂದುಕೊಂಡು ನೆಮ್ಮದಿಯಾಗಿ ಉಂಡು ಮಲಗುತ್ತಾರೆ.

ನಿನಗೆ ಮೊದಲೇ ಇರುವ ಕಷ್ಟದ ಮೇಲೆ ಇದನ್ನೂ ಹೊರಿಸುತ್ತಿದ್ದೇನೆ ಎಂಬ ಅಳುಕಿದೆ. ಆದರೆ ಬಾಗಿಲು ಹಾಕುವುದಿಲ್ಲ ಎಂದು ನಂಬಬಹುದಾದ ಮನೆ ನಿನ್ನದೊಂದೇ. ಗ್ರೇಸ್ ಖಾರ ತಿನ್ನುತ್ತಾಳೆ. ಮಗುವಿಗೆ ರಾಗಿ ಸರಿ ಅಭ್ಯಾಸವಾಗಿದೆ, ಡಬ್ಬಿಯಲ್ಲಿ ಹಾಕಿ ಕಳಿಸಿದ್ದೇನೆ.

ಜಾಫರ್ ಭಾಯಿಗೆ ನಮಸ್ಕಾರ, ನಿನ್ನ ಮಗಳು ಮಲ್ಕಾಳಿಗೆ ನನ್ನ ಮುದ್ದು. ನಿನ್ನ ಮನೆ, ಮಕ್ಕಳು ತಣ್ಣಗಿರಲಿ.

ಎಂದೆಂದೂ ನಿನ್ನ
ಮಂಜುಶ್ರೀ

ತಾ.ಕ.: ಗ್ರೇಸ್‌ಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಇದನ್ನು ಅವಳ ಕೈಯಲ್ಲೇ ಕಳಿಸಲು ಧೈರ್ಯ ಬಂತು. ಈಗ ಬರೆಯುವುದನ್ನು ಅವಳಿಗೆ ಹೇಳಬೇಡ.

ಇವತ್ತು ಬೆಳಿಗ್ಗೆ ಸಿಟ್ಟಿಗೆ ನಾನೇ ಸ್ಟೂಲು ಹತ್ತಿ ಆ ಒಣ ತೋರಣ ಬಿಚ್ಚಲು ಹೋದೆ. ಕಿಟಕಿಯಿಂದ ಕೆಳಗೆ ನೋಡಿದರೆ ಮೂರುದಾರಿ, ಕಣ್ಣ ಮುಂದೆ ಎರಡು ಒಣಗಿದ ಎಲೆ. ಆ ಫೋಟೋದ ಮೂಲೆಯಲ್ಲಿರುವುದು ಅವೇ ಎರಡು ಎಲೆ, ನಸೀಮಾ. ಇಷ್ಟು ಸಲ ನೋಡಿದ್ದೆ, ಹೊಳೆದಿರಲಿಲ್ಲ. ಮಕ್ಕಳು ರಜಕ್ಕೆ ಅಮ್ಮನ ಮನೆಯಲ್ಲಿದ್ದಾರೆ. ಅತ್ತೆಯ ಹತ್ತಿರ ಫೋನಿಲ್ಲ. ನಾನು ಒಲೆಯ ಮುಂದಿದ್ದೆ.

ಇವರು ಸ್ನಾನಕ್ಕೆ ಹೋದಾಗ ಇವರ ಫೋನ್ ತೆಗೆದು ನೋಡಿದೆ. ಊರ ಕಾವಲುಗಾರ ಇವರೇ. ಸೋಮವಾರ ಸಂಜೆ ಜನರನ್ನು ಕರೆದವರೂ ಇವರೇ. ನಿಮ್ಮವರ ಬಗ್ಗೆ ಬರೆದಿರುವುದೂ ಇದೆ, ಪ್ರತಿ ರಂಜಾನಿಗೂ ನಿನ್ನ ಕೈಯ ಊಟ ಉಂಡ ಮನುಷ್ಯ. ಇದು ತಿಳಿದ ಮೇಲೇ ಇವರಿಗೆ ಮಂಗಳೂರು ಎಂದು ಸುಳ್ಳು ಹೇಳಿದ್ದು. ಇವರು ನಿನಗೆ ಫೋನ್ ಮಾಡಿ ಕೇಳಿದರೆ ಗ್ರೇಸ್ ಯಾರೆಂದೇ ಗೊತ್ತಿಲ್ಲ ಎನ್ನು.

ಈಗಲೂ ಮುನಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದಾರೆ. ಮಗು ನಗುತ್ತಿದೆ. ಮುಖವಿಲ್ಲದವರು ಎಂದಿದ್ದೆನಲ್ಲ, ಆ ಮುಖಕ್ಕೆ ಹದಿನೈದು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕೊಡುತ್ತಿದ್ದೇನೆ. ಮುನಿಆಂಜಿನಪ್ಪನಿಗೆ ಅದು ರಕ್ತವೆಂದು ಕಂಡಿದ್ದರೆ ಕಂಡಿರಲಿ, ಅವನಿಗೇನು ಗೊತ್ತು? ಆ ನೀರಿಗೆ ಸುಣ್ಣ ಹಾಕಿ ಕದಡಿದ್ದು ಇವರ ಕೈ.