ಎಡಿಟರಮ್ಮನ ಹಿಮ್ಮಡಿ ಸದ್ದು

ಮಾರ್ಚ್ 3, ಬೆಳಿಗ್ಗೆ

ಅಂಟು ಮತ್ತೆ ಗಟ್ಟಿಯಾಗಿದೆ. ಡಬ್ಬಿ ಮುಚ್ಚು ಅಂದರೆ ಮಗಳಿಗೆ ಕಿವಿಯೇ ಕೇಳುವುದಿಲ್ಲ. ಬೈದೆ.

ಎಡಿಟರಮ್ಮ ಫೋನ್ ಮಾಡಿದ್ದರಂತೆ. ಬಿದ್ದು ಸೊಂಟದ ಆಪರೇಷನ್ ಆದಮೇಲೆ ಅವರು ಹೊಸ್ತಿಲು ದಾಟಿಲ್ಲ. ಹದಿನಾಲ್ಕಕ್ಕೆ ಪತ್ರಿಕೆ ಆಫೀಸಿನಲ್ಲಿ ಸನ್ಮಾನ. ವೀಲ್‌ಚೇರ್ ಇಡುತ್ತಾರಂತೆ. "ನಡ್ಕೊಂಡೇ ಹೋಗ್ತೀನಿ, ಒಂದು ಜೊತೆ ಶೂ ಮಾಡೋಕೆ ಹೇಳು ನಿಮ್ಮಪ್ಪಂಗೆ" ಅಂದರಂತೆ.

ಮಾಡದೆ ಇರುತ್ತೇನೆಯೇ.

ಮಾರ್ಚ್ 5

ಆ ಪತ್ರಿಕೆಗೆ ಮೊದಲ ಹೆಂಗಸು ಎಡಿಟರ್. ಮೂವತ್ತು ವರ್ಷದಿಂದ ಅವರ ಕಾಲಿಗೆ ನನ್ನದೇ ಶೂ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೊಲಿಗೆ ಮುಗಿಯುವ ತನಕ ಸ್ಟೂಲಿನ ಮೇಲೆ ಕೂತು ನನ್ನಿಂದ ಹೆಡ್‌ಲೈನ್ ಓದಿಸುತ್ತಿದ್ದರು. ತಡವರಿಸಿದರೆ, "ನಿಮ್ಮ ತಪ್ಪಲ್ಲ ರೀ, ಹೆಡ್‌ಲೈನೇ ಕಗ್ಗಂಟು" ಎಂದು ಕೆಂಪು ಪೆನ್ನಿನಿಂದ ಗೀಟು ಹಾಕುತ್ತಿದ್ದರು.

ಈ ಡೈರಿ ಅವರ ಪುಣ್ಯ.

ಮಾರ್ಚ್ 9

ಹೊಸ ಡಿಸೈನ್. ಮುಂದೆ ಅಗಲ. ಬಗ್ಗದೆ ಎಳೆದುಕೊಳ್ಳಲು ಹಿಂದೊಂದು ಪಟ್ಟಿ. ಅಡಿಭಾಗಕ್ಕೆಲ್ಲ ಮೆತ್ತನೆ ರಬ್ಬರ್ — ಜಾರಬಾರದು.

"ಅಪ್ಪಾ, ಇದನ್ನೇ ಇನ್ಮೇಲೆ ಅಂಗಡೀಲಿ ಮಾಡೋಣ" ಎಂದಳು ಮಗಳು. ಉಬ್ಬಿಹೋದೆ.

ಮಾರ್ಚ್ 11

ಅವರ ಮನೆಗೆ ಹೋಗಿ ತೊಡಿಸಿದೆ. ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರು. ನಿಂತರು.

"ಸದ್ದೆಲ್ಲಿ ರೀ?"

"ಸದ್ದು ಕಟ್ಕೊಂಡು ಏನ್ಮಾಡ್ತೀರಾ ಮೇಡಂ? ಬೀಳದಿದ್ರೆ ಸಾಕು!"

"ನಾನು ಬರೋದು ಮೊದಲೇ ಗೊತ್ತಾಗ್ಬೇಕು. ಬೆಕ್ಕಿನ ಹಾಗೆ ಬಂದು ಯಾರ ಮಾತನ್ನೂ ಕದ್ದು ಕೇಳಿದೋಳಲ್ಲ ನಾನು. ಮರೆತ್ರಾ?"

ಮರೆತಿದ್ದೆ. ಮೊದಲ ಜೊತೆಗೆ ಅಳತೆ ಕೊಟ್ಟ ದಿನವೇ ಹೇಳಿದ್ದ ಮಾತು.

"ಇದು ರೋಗಿಯ ಶೂ" ಅಂದರು, ಮೆಲ್ಲಗೆ. ಚುರ್ ಅಂತು. ಸಿಟ್ಟೆಲ್ಲ ನನ್ನ ಮೇಲೇ.

ಮಾರ್ಚ್ 13

ಹಿಮ್ಮಡಿ ಕಿತ್ತೆ. ನಡುವೆ ಗಟ್ಟಿ ಚರ್ಮ, ಸುತ್ತ ರಬ್ಬರಿನ ಅಂಚು. ಜಾರುವುದೂ ಇಲ್ಲ, ಸದ್ದೂ ಇದೆ. ಮಗಳು ಹಾಕಿಕೊಂಡು ಅಂಗಡಿಯ ಆ ಗೋಡೆಯಿಂದ ಈ ಗೋಡೆಗೆ ನಡೆದಳು. "ಥೇಟ್ ಎಡಿಟರಮ್ಮ ಬಂದ ಹಾಗಿದೆ, ಅಪ್ಪಾ."

ಕಣ್ಣು ಒರೆಸಿಕೊಂಡೆ. ಅಂಟಿನ ಘಾಟು ಅಂದೆ. ಡಬ್ಬಿ ಮುಚ್ಚಿತ್ತು.

ಮಾರ್ಚ್ 14, ಸಂಜೆ 5

ಆಫೀಸಿನ ಹಾಲ್. ಕೊನೇ ಸಾಲು. ಮಗಳು ಅವರ ಜೊತೆ ಕಾರಿನಲ್ಲಿ. ಬಾಗಿಲಲ್ಲಿ ವೀಲ್‌ಚೇರ್, ಖಾಲಿ. ಎಲ್ಲರದ್ದೂ ಗದ್ದಲ. ಇನ್ನೂ ಬಂದಿಲ್ಲ. ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ. ಮೆಟ್ಟಿಲು ಬೇರೆ ಹನ್ನೊಂದಿವೆ...

ಟಕ್.

ಗದ್ದಲ ನಿಂತಿತು.

ಟಕ್... ಟಕ್...

ಮುಂದಿನ ಸಾಲು ಎದ್ದಿತು. ನಾನೂ ಏಳ—