ತುಂಗ್‌ಕಾಂಗ್ ಎಂಬ ದೇಶದ ಪ್ರಜೆ

ತೈಪೆ
ಮಾರ್ಚ್ ೯

ಪ್ರೀತಿಯ ತಂಗಿ ಬೀಯುನ್,

ನಾವಿಬ್ಬರೂ ಇಲ್ಲಿ ಹೇಗೋ ಇದ್ದೇವೆ. ನೀನೂ ಮಗಳು ಪೇಯಿಲಿಂಗೂ ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೀರಿ ಎಂದು ನಂಬಿ ಶುರುಮಾಡುತ್ತೇನೆ. ನಿನ್ನ ನಾಲ್ಕು ಪತ್ರಗಳೂ ನನ್ನ ಮೇಜಿನ ಮೇಲಿವೆ. ಒಂದಕ್ಕೂ ಉತ್ತರ ಬರೆಯದ ಅಣ್ಣನನ್ನು ಏನೆಂದು ಬೈದರೂ ಕಡಿಮೆಯೇ. ಫೋನ್ ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳಿದರೆ ನಾನು ಚಳಿ, ಮಳೆ ಎಂದು ಮಾತಾಡಿ ಇಟ್ಟುಬಿಡುತ್ತೇನೆ. ಮೂವತ್ತೊಂದು ವರ್ಷ ಸರ್ಕಾರದ ಪರವಾಗಿ ಪರದೇಶದವರೊಂದಿಗೆ ಮಾತಾಡಿ ನಾನು ಕಲಿತ ವಿದ್ಯೆ ಅದೊಂದೇ.

ನೀನು ಕಳಿಸಿದ ಒಣಸೀಗಡಿ ತಲುಪಿತು. ನಿನ್ನ ಅತ್ತಿಗೆ ಶೂಫೆನ್ ಅದನ್ನು ಎಲೆಕೋಸಿನ ಜೊತೆ ಹುರಿದಳು. ಹುರಿದವಳು ನನಗೆ ಬಡಿಸಬೇಕಲ್ಲ? "ಗಂಡನ್ನ ಕಳ್ಕೊಂಡೋಳು ಒಂದೊಂದೇ ಆರಿಸಿ, ಸ್ವಚ್ಛ ಮಾಡಿ ಕಳಿಸಿದ್ದಾಳೆ. ನಿಮಗೆ ಒಂದು ಕಾಗದ ಗೀಚೋಕೆ ಕೈ ಬಿದ್ದುಹೋಗಿದ್ಯಾ?" ಎಂದು ತಟ್ಟೆಯನ್ನು ತನ್ನ ಕಡೆಗೇ ಎಳೆದುಕೊಂಡಳು. ಅವಳ ಮಂಡಿನೋವು ಹಾಗೆಯೇ ಇದೆ. ನಾಲಿಗೆಗೆ ಏನೂ ಆಗಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಹದಿನೆಂಟನೇ ತಾರೀಕು ಬಂದರಿನ ಸಭಾಂಗಣದಲ್ಲಿ ನಿನ್ನ ಯಜಮಾನ ಕಿಮ್‌ಚುಯಿ ಹೆಸರಿನಲ್ಲಿ ಫಲಕ ಕೊಡುತ್ತಾರಂತೆ, ತೈಪೆಯಿಂದ ದೊಡ್ಡವರು ಬರುತ್ತಾರಂತೆ, ನೀನು ವೇದಿಕೆ ಹತ್ತಿ ನಾಲ್ಕು ಮಾತಾಡಬೇಕಂತೆ. ಫಲಕದ ಮೇಲೆ 'ಸಾವಿಗೂ ಬಾಗದವನು' ಎಂಬ ಅರ್ಥದ ನಾಲ್ಕು ಅಕ್ಷರ ಕೆತ್ತಿಸಿದ್ದಾರೆ. ಕೊನೆಯ ಪತ್ರದಲ್ಲಿ ನೀನು ಬರೆದ ಸಾಲುಗಳನ್ನು ನಾನು ಎಷ್ಟು ಸಲ ಓದಿದೆನೋ! "ಒಂದು ಸಹಿ ಹಾಕಿದ್ರೆ ಅವರು ಮನೆಗೆ ಬರ್ತಿದ್ರು. ಹಾಕಲಿಲ್ಲ. ನನಗಿಂತ, ಮಗಳಿಗಿಂತ ಅವರಿಗೆ ಬಾವುಟ ದೊಡ್ಡದಾಯ್ತಾ ಅಣ್ಣಾ? ಊರೆಲ್ಲ ಹೊಗಳುತ್ತೆ. ನನಗೆ ಮಾತ್ರ ಅವರ ಪಟ ನೋಡಿದ್ರೆ ಸಿಟ್ಟು ಬರುತ್ತೆ. ಇದನ್ನ ತಿಳ್ಕೊಳ್ಳದೆ ಆ ಫಲಕ ಹೇಗೆ ಮುಟ್ಟಲಿ?" ಆ ಜೈಲಿನಲ್ಲಿ ಅವನ ಪಕ್ಕದಲ್ಲಿದ್ದವನು ನಾನೊಬ್ಬನೇ. ಕೇಳಬೇಕಾದವನನ್ನೇ ಕೇಳಿದ್ದೀಯ.

ಮೊರಾವು ದ್ವೀಪದವರು ನಮ್ಮ ಸಂಬಂಧ ಕಡಿದುಕೊಂಡು ಆಚೆ ದಡದ ಚೀನಾದವರ ಕೈಹಿಡಿದ ದಿನ ನಾನು ನಿಮ್ಮ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಟಿ.ವಿ.ಯಲ್ಲಿ ನಮ್ಮ ಬಾವುಟ ಇಳಿಸುವುದನ್ನು ತೋರಿಸುತ್ತಿದ್ದರು. ನಾನು ಆರು ವರ್ಷ ದುಡಿದ ಕಚೇರಿ ಅದು. ನಾನು ತಟ್ಟೆ ಬದಿಗಿಟ್ಟು ಅದನ್ನೇ ನೋಡುತ್ತಿದ್ದೆ. ಕಿಮ್‌ಚುಯಿ ಮಾತ್ರ ಮೀನಿನ ತಲೆ ಚೀಪುತ್ತಾ, "ಏನ್ ಭಾವ, ಆ ಇಡೀ ದೇಶದ ಜನ ಬಂದು ನಿಂತ್ರೂ ನಮ್ಮ ಮೀನು ಹರಾಜಿನ ಕಟ್ಟೆ ತುಂಬಲ್ಲ. ಅವರು ನಮ್ಮನ್ನ ದೇಶ ಅಂತ ಕರೆದ್ರೆಷ್ಟು, ಬಿಟ್ರೆಷ್ಟು? ಟ್ಯೂನಾ ಮೀನು ಗಾಳದ ಹತ್ರ ಬಂದು, ನಿನ್ನ ರಾಯಭಾರಿ ಎಲ್ಲಪ್ಪಾ ಅಂತ ಕೇಳುತ್ತಾ?" ಎಂದ. ನೀನು ನಕ್ಕು ಅನ್ನ ನೆತ್ತಿಗೇರಿಸಿಕೊಂಡೆ. "ನಾಲ್ಕು ಜನ ನಮ್ಮನ್ನ ಲೆಕ್ಕಕ್ಕಿಟ್ಟುಕೊಂಡ್ರೆ ಕಷ್ಟ ಬಂದಾಗ ತಟ್ಟೋಕೆ ಒಂದು ಬಾಗಿಲಾದ್ರೂ ಇರುತ್ತೆ ಕಣಯ್ಯ" ಎಂದು ನಾನು ಅರ್ಧ ಗಂಟೆ ಕೊರೆದೆ. ಅವನು ಎಲುಬು ತಟ್ಟೆಗೆ ಹಾಕಿ, "ತಟ್ಟೋಕೆ ನೀವಿದ್ದೀರಲ್ಲ, ಬಿಡಿ" ಎಂದ.

ಹಾಗೆ ಭಾಷಣ ಬಿಗಿದವನು ಮಾರನೇ ದಿನ ಏನು ಮಾಡಿದೆ ಗೊತ್ತೇ? ಮೊರಾವಿನ ಆಸ್ಪತ್ರೆಯಲ್ಲಿದ್ದ ನಮ್ಮ ಮೂವರು ವೈದ್ಯರನ್ನು ಎರಡು ದಿನದೊಳಗೆ ವಾಪಸ್ ಕರೆಸುವ ಆದೇಶದ ಕರಡನ್ನು ಕೂತು ಬರೆದೆ. "ರಾಜಕೀಯ ನೀವು ನೀವು ನೋಡ್ಕೊಳ್ಳಿ, ಡಾಕ್ಟರನ್ನಾದ್ರೂ ಬಿಟ್ಟುಹೋಗಿ" ಎಂದು ಅಲ್ಲಿನವರು ಬೇಡಿಕೊಂಡಿದ್ದರು. 'ಅವಮಾನ ಮಾಡಿದವರ ಅಂಗಳದಲ್ಲಿ ನಮ್ಮವರು ಒಂದು ದಿನವೂ ಹೆಚ್ಚಿಗೆ ನಿಲ್ಲಬಾರದು' ಎಂಬ ಸಾಲು ನನ್ನದೇ. ಓದಿದವರು ಭೇಷ್ ಎಂದರು. ನಾನೂ ಬೀಗಿದೆ.

ಮುಂದಿನ ವರ್ಷ ಅವನ ದೋಣಿಯ ಎಂಜಿನ್ ಕೆಟ್ಟದ್ದು, ಸಮುದ್ರದ ಹರಿವು ಅದನ್ನು ಮೊರಾವಿನ ಗಡಿಯೊಳಗೆ ತಳ್ಳಿದ್ದು, ಕಳ್ಳಮೀನುಗಾರಿಕೆಯೆಂದು ಹಿಡಿದದ್ದು ನಿನಗೆ ಗೊತ್ತಿದೆ. ದೋಣಿಯಲ್ಲಿದ್ದ ಐವರು ಇಂಡೋನೇಷ್ಯಾದ ಕೆಲಸಗಾರರಿಗೆ ಅವರ ರಾಯಭಾರಿ ಇದ್ದ. ಒಬ್ಬ ಅಧಿಕಾರಿ ಬಂದು, ನಾಲ್ಕು ಕಾಗದಕ್ಕೆ ಮುದ್ರೆ ಒತ್ತಿಸಿ, ಹನ್ನೊಂದನೇ ದಿನ ಅವರನ್ನು ಕರೆದುಕೊಂಡು ಹೋದ. ಜೈಲಿನಲ್ಲಿ ಕಿಮ್‌ಚುಯಿ ಒಬ್ಬನೇ ಉಳಿದ.

ಆ ಊರು ಬಲ್ಲವನೆಂದು ನನ್ನನ್ನು ಕಳಿಸಿದರು. ಹಿಂದೆ ಬಾವುಟ ಹಾರಿಸಿಕೊಂಡು ಕಪ್ಪು ಕಾರಿನಲ್ಲಿ ತಿರುಗಿದ್ದ ಊರಿಗೆ ಪ್ರವಾಸಿಯ ವೀಸಾದಲ್ಲಿ ಇಳಿದೆ. ಜೇಬಿನಲ್ಲಿ 'ಮೀನುಗಾರರ ಸಲಹೆಗಾರ' ಎಂಬ ಕಾರ್ಡು. ಜೈಲಿನ ಮೇಲಧಿಕಾರಿ ತೆರೊಯಿ ನಮ್ಮ ಔತಣಗಳಲ್ಲಿ ಹಂದಿಮಾಂಸವನ್ನು ಮೂರು ಸಲ ಹಾಕಿಸಿಕೊಳ್ಳುತ್ತಿದ್ದ ಮನುಷ್ಯ. ಅವನು ಎದ್ದು ನಿಂತು ಕೈಕುಲುಕಿ, ಒಂದು ಅರ್ಜಿ ಮುಂದಿಟ್ಟ. ಕೈದಿಯೇ ತುಂಬಿಸಿದ್ದು. ದೇಶ ಎಂಬಲ್ಲಿ 'ತುಂಗ್‌ಕಾಂಗ್' ಎಂದಿತ್ತು.

"ಗೋಡೆ ಮೇಲಿನ ನಕ್ಷೆಯಲ್ಲಿ ಬೆರಳಿಟ್ಟು ಹುಡುಕಿದೆ ಸ್ವಾಮಿ, ಈ ದೇಶ ಸಿಗಲಿಲ್ಲ" ಎಂದ ತೆರೊಯಿ. "ನಾನು ಯಾವ ರಾಯಭಾರಿಗೆ ಕಾಗದ ಬರೀಲಿ?"

ಅದು ನಮ್ಮೂರಿನ ಹೆಸರು ಎಂದು ಹೇಳಲು ನನಗೆ ನಾಚಿಕೆಯಾಯಿತು. ಒಳಗೆ ಹೋಗಿ ಕಿಮ್‌ಚುಯಿಗೆ ಬೈದೆ. ಅವನು ಕಂಬಳಿ ಹೊದ್ದು ಕೂತಲ್ಲಿಂದಲೇ ನಕ್ಕ. "ತೈವಾನ್ ಅಂತ ಬರೆದ್ರೆ ಪ್ರತಿ ಬಂದರಲ್ಲೂ ಅದೇ ಕಥೆ ಭಾವ. ಗುಮಾಸ್ತ ಪಟ್ಟಿ ನೋಡ್ತಾನೆ, ತಲೆ ಕೆರ್ಕೋತಾನೆ, ಆಮೇಲೆ ಹೊಡೆದುಹಾಕಿ ತನಗೆ ತೋಚಿದ್ದು ಬರೀತಾನೆ. ಊರಿನ ಹೆಸರನ್ನ ಇವತ್ತಿನವರೆಗೂ ಯಾರೂ ಹೊಡೆದುಹಾಕಿಲ್ಲ." ನಗುತ್ತಿದ್ದವನ ಹಣೆ ಮುಟ್ಟಿದೆ. ಕೈ ಸುಟ್ಟಿತು.

ದೋಣಿಯಲ್ಲಿ ಗಾಳದ ಕೊಕ್ಕೆ ಹಿಮ್ಮಡಿಗೆ ಚುಚ್ಚಿತ್ತು. ಅವನ ಸಕ್ಕರೆ ಕಾಯಿಲೆ ನಿನಗೆ ಗೊತ್ತಲ್ಲ. ಪಾದ ಊದಿ, ಬೆರಳುಗಳು ಕಪ್ಪಾಗತೊಡಗಿದ್ದವು. ತೆರೊಯಿ ಒಳ್ಳೆಯವನು, ಯಾರನ್ನೂ ಕೇಳದೆ ತನ್ನ ಜೀಪಿನಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋದ. ನಾವು ಕಟ್ಟಿಸಿಕೊಟ್ಟ ಶಸ್ತ್ರಚಿಕಿತ್ಸೆಯ ಕೋಣೆಗೆ ಬೀಗ ಬಿದ್ದಿತ್ತು. ದಾದಿ ನನ್ನನ್ನು ಗುರುತಿಸಿ, "ಯಂತ್ರ ಎಲ್ಲ ಇದೆ ಸಾರ್, ನಡೆಸೋರಿಲ್ಲ. ನಿಮ್ಮ ಡಾಕ್ಟ್ರು ಚೆನ್ನಾಗೇ ಇದ್ರು, ಯಾಕೆ ಹೊರಟುಹೋದ್ರು?" ಎಂದು ಕೇಳಿದಳು. ಇದ್ದ ಮಾತ್ರೆ, ಚುಚ್ಚುಮದ್ದು ಕೊಟ್ಟು ಕಳಿಸಿದಳು.

ಮರುದಿನ ಬೆಳಿಗ್ಗೆ ಆಚೆ ದಡದವರ ಕಚೇರಿಯಿಂದ ಗಾವ್ ಎಂಬ ಯುವಕ ಬಂದ. ಎದುರುತೀರದ ಊರಿನವನೇ, ನಮ್ಮದೇ ಮಾತು. "ಅಣ್ಣಾ, ಊಟ ಆಯ್ತಾ?" ಎಂದು ಪಪ್ಪಾಯಿ ಹೆಚ್ಚಿ ಕೊಟ್ಟ. ನಿನ್ನ ಗಂಡ ಅವನ ಜೊತೆ ಬೂತಾಯಿ ಮೀನಿನ ಬಗ್ಗೆ ಹರಟೆ ಹೊಡೆದ. ಗಾವ್ ತಂದಿದ್ದು ಒಂದೇ ಹಾಳೆ: ಚೀನಾದ ಪ್ರಜೆಯಾದ ನಾನು ನನ್ನ ದೇಶದ ರಾಯಭಾರಿಯ ರಕ್ಷಣೆ ಕೋರುತ್ತೇನೆ ಎಂದು. ಸಹಿ ಬಿದ್ದರೆ ನಾಳೆಯ ವಿಮಾನ, ಸೀದಾ ದೊಡ್ಡ ಆಸ್ಪತ್ರೆ, ವಾಸಿಯಾದ ಮೇಲೆ ಮನೆ. ಹೊರಗೆ ನನ್ನ ಹತ್ತಿರ ಮೆಲ್ಲಗೆ, "ಹಿರಿಯರೇ, ನಿಮ್ಮ ಸಂಕಟ ನನಗೂ ಗೊತ್ತಾಗುತ್ತೆ. ಆದ್ರೆ ಆ ಕಾಲು ನಿಮಗೋಸ್ಕರವೂ ಕಾಯಲ್ಲ, ನಮಗೋಸ್ಕರವೂ ಕಾಯಲ್ಲ. ಸಂಜೆ ಬರ್ತೀನಿ" ಎಂದ. ಸಂಜೆ ಗಾವ್ ಬರಿಗೈಯಲ್ಲಿ ವಾಪಸಾದ. ನಾಲ್ಕನೇ ದಿನ ಕಿಮ್‌ಚುಯಿ ಹೋಗಿಬಿಟ್ಟ.

ಉಳಿದದ್ದನ್ನು ನೀನು ಪತ್ರಿಕೆಗಳಲ್ಲಿ ಓದಿದ್ದೀಯ. ಈಗ ಟಿ.ವಿ.ಯಲ್ಲಿ ಅವನ ಹೆಸರು ಹಿಡಿದು ಜಗ್ಗಾಡುತ್ತಾರೆ. ಪುಟ್ಟ ದೇಶಗಳ ಸ್ನೇಹಕ್ಕೆ ಹಲ್ಲುಗಿಂಜುವುದು ದಂಡ ಎನ್ನುತ್ತಾನೆ ಒಬ್ಬ. ಮಾನವಿಲ್ಲದ ಮೇಲೆ ದೇಶವೇಕೆ ಎನ್ನುತ್ತಾನೆ ಇನ್ನೊಬ್ಬ. ಇಬ್ಬರೂ ಆ ಜೈಲಿನ ಬಾಗಿಲಲ್ಲಿ ಸಲಹೆಗಾರನ ಕಾರ್ಡು ಹಿಡಿದು ನಿಂತವರಲ್ಲ. ನಾನು ನಿಂತವನು. ನಾಲ್ಕು ಜನರ ಗೌರವ ಬೇಕೇ ಬೇಕು ಬೀಯುನ್. ಅದಿಲ್ಲದೆ ನಮ್ಮ ಮನೆಯ ಒಬ್ಬ ಮನುಷ್ಯನನ್ನು ಒಂದು ಹಿಮ್ಮಡಿ ಗಾಯದಿಂದ ಉಳಿಸಿಕೊಳ್ಳಲಾಗಲಿಲ್ಲ. ಆದರೆ ಗೌರವವನ್ನೂ ಸ್ವಂತ ಸೊಕ್ಕನ್ನೂ ಬೇರೆಬೇರೆ ಮಾಡಿ ನೋಡುವುದು ನನಗೆ ಬರಲಿಲ್ಲ. ಅವಧಿಗೆ ಮುಂಚೆಯೇ, ಮೇ ತಿಂಗಳಿಗೆ, ನಿವೃತ್ತಿ ಕೇಳಿದ್ದೇನೆ.

ಪೇಯಿಲಿಂಗ್‌ಗೆ ಪರೀಕ್ಷೆ ಹತ್ತಿರ ಬಂತು, ಅವಳಿಗೆ ಕೆಲಸ ಹೇಳಬೇಡ. ಕಡಲು ಕಾಯುವ ಮಾತ್ಸು ತಾಯಿ ನಿಮ್ಮಿಬ್ಬರನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ. ನನ್ನ ಪಾಲಿನ ಪುಣ್ಯ ಏನಾದರೂ ಉಳಿದಿದ್ದರೆ ಅದೂ ನಿಮಗೇ ಸೇರಲಿ.

ನಿನ್ನ ಅಣ್ಣ
ವೆನ್‌ಚೆ

ಮರೆತು ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕಿಮ್‌ಚುಯಿ ಸಹಿ ಹಾಕಿದ್ದ. ಗಾವ್ ಅತ್ತ ಹೋದ ಕೂಡಲೇ ನನ್ನ ಪೆನ್ನೇ ಇಸಿದುಕೊಂಡು ಹಾಕಿದ. "ಯಾವ ದೇಶದೋನು ಅಂತ ಬರೆದ್ರೇನು ಭಾವ, ನಾನು ಹೋಗೋದು ಬೀಯುನ್ ಹತ್ರಕ್ಕೆ ತಾನೆ?" ಎಂದ. ಸಂಜೆ ಗಾವ್‌ಗೆ ಕೊಡಿ ಎಂದು ಹಾಳೆಯನ್ನು ನನ್ನ ಕೈಗಿಟ್ಟ. ನಾನು ಅದನ್ನು ಮಡಿಸಿ ಜೇಬಿಗೆ ಸೇರಿಸಿ, ಗೇಟಿನಲ್ಲಿ ಗಾವ್‌ಗೆ "ಅವನು ಒಪ್ಪಲಿಲ್ಲ" ಎಂದೆ. ಆ ಯುವಕ ಎರಡು ಸಲ ಕೇಳಿದ. ಎರಡು ಸಲವೂ ಅದನ್ನೇ ಹೇಳಿದೆ. ತೈಪೆಗೂ ಅದನ್ನೇ ವರದಿ ಮಾಡಿದೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ದಾರಿಯಲ್ಲೇ ಎರಡು ದಿನದಲ್ಲಿ ಬಿಡಿಸುತ್ತೇನೆ ಎಂದುಕೊಂಡೆ. ನನ್ನ ತಂಗಿಯ ಗಂಡನೇ ಆ ಹಾಳೆಗೆ ಸಹಿ ಹಾಕಿದನೆಂದಾದರೆ ಕಚೇರಿಯಲ್ಲಿ ತಲೆ ಎತ್ತುವುದು ಹೇಗೆ ಎಂದುಕೊಂಡೆ. ಹದಿನೆಂಟರಂದು ಇದನ್ನು ನೀನು ಎಲ್ಲರೆದುರು ಓದಿದರೂ ನಾನು ಅಲ್ಲಗಳೆಯುವುದಿಲ್ಲ. ಅವನ ಮೇಲಿನ ಸಿಟ್ಟನ್ನು ಮಾತ್ರ ಬಿಟ್ಟುಬಿಡು. ಮೂರು ದಿನ ಅವನು ಬೆಳಿಗ್ಗೆ ಎದ್ದು, ಜ್ವರದಲ್ಲೇ ಗಡ್ಡ ಬೋಳಿಸಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, "ಇವತ್ತು ವಿಮಾನನಾ ಭಾವ?" ಎಂದು ಕೇಳಿದ. ಮೂರು ದಿನವೂ ನಾನು ನಾಳೆ ಎಂದೆ. ನಾಲ್ಕನೇ ದಿನ ಅವನು ಕೇಳಲಿಲ್ಲ.