ಕೊರಳಲ್ಲಿ ಗೋಟಡಿಕೆ

ಜುಲೈ 6, 2008. ಭಾನುವಾರ, ಸಂಜೆ 6

ಬೆಳಿಗ್ಗೆ ಐದೂಮುಕ್ಕಾಲಿಗೆ ಚಾಮರಾಜನಗರ ಬಿಟ್ಟೆ. ತೆರಕಣಾಂಬಿ 7.10. ಗುಂಡ್ಲುಪೇಟೆ 7.50. ಕೇರಳದ ದಾರಿಯ ಮದ್ದೂರು 8.40. ಉದ್ದಕ್ಕೂ ಎದುರುಗಾಳಿ. ಸೈಕಲ್ಲಿನ ಮೂರನೇ ಗೇರು ಸರಿಯಾಗಿ ಕೂರುತ್ತಿಲ್ಲ.

ಹನ್ನೊಂದನೇ ಕ್ಯಾನು. ಬಾರ್ಲಿ ಮುಕ್ಕಾಲು, ಮೊಳಕೆ ರಾಗಿ ಕಾಲು. ಬಣ್ಣ — ಹಳೇ ಬೆಲ್ಲ. ನೊರೆ — ಎರಡು ಬೆರಳು, ಬೇಗ ಇಳಿಯಿತು. ವಾಸನೆ — ಹುರಿಹಿಟ್ಟು. ಬಾಯಿಗೆ — ಮೊದಲು ಸಿಹಿ, ಆಮೇಲೆ ಕಹಿ ಇರಬೇಕು. ಹತ್ತಕ್ಕೆ ಆರು.

ಪುಟ್ಟಮಾದುಗೆ ಸಮಾಧಾನವಿಲ್ಲ. ಮದ್ದೂರಿನ ರೆಸಾರ್ಟಿನ ಅಡುಗೆಭಟ್ಟ ಅವನು. ಜರ್ಮನಿಯ ಗೆಸ್ಟ್ ಒಬ್ಬ ಬಿಯರ್ ಮಾಡುವುದನ್ನು ಕಲಿಸಿ, ಹಾಪ್ಸ್ ಅನ್ನುವ ಒಣ ಹೂವಿನ ಪೊಟ್ಟಣ ಕೊಟ್ಟು ಹೋದ. ಅವತ್ತಿನಿಂದ ಇವನಿಗೆ ಅದೇ ಹುಚ್ಚು. ಹಾಲಿನ ಕ್ಯಾನುಗಳಲ್ಲಿ ಹುಳಿ ಬರಿಸುತ್ತಾನೆ, ಕ್ಯಾನಿಗೊಂದು ನಂಬರು. ಆದರೆ ಮಾದಪ್ಪನ ಹರಕೆ, ತಾನು ಒಂದು ತೊಟ್ಟು ಮುಟ್ಟುವುದಿಲ್ಲ. ರುಚಿ ಹೇಳಲು ನಾನು ಬೇಕು.

"ಎಲ್ಲಕ್ಕೂ ಆರೇ ಕೊಟ್ರೆ ಎಂಗೆ ಸಾ? ಓದ್ವರ್ಸ ಒಂದೊಂದು ಕ್ಯಾನ್ಗೆ ಅರ್ದ ಪುಟ ಬರ್ದು ಓದ್ತಿದ್ರಿ."

"ನಾಲಿಗೆ ಸರಿಯಿಲ್ಲ ಕಣಯ್ಯ."

"ಸೀತ ಆಗದಾ?"

ಹೂಂ ಎಂದೆ. ಎಂಟು ತಿಂಗಳ ಶೀತ.


ಜುಲೈ 9

ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಡ್ಯೂಟಿ. ನಲವತ್ತು ಲಾಟಿಗೆ ದರ್ಜೆ ಹಾಕಿದೆ. ಕುದೇರಿನ ರೈತನೊಬ್ಬ ಗೂಡು ಚೆನ್ನಾಗಿದೆ, ಇನ್ನೊಂದು ಸಲ ನೋಡಿ ಸಾರ್ ಎಂದ. ನೋಡಿದೆ. ಅದೇ ದರ್ಜೆ ಬರೆದೆ. ಜಗಳವಾಡಲಿಲ್ಲ, ಹೋದ.

ರಾತ್ರಿ ಚಿತ್ರಾನ್ನ.


ಜುಲೈ 20. ಭಾನುವಾರ

ಹನ್ನೆರಡನೇ ಕ್ಯಾನು. ಆರು.

ವಾಪಸು ಬರುವಾಗ ಏಲಕ್ಕಿ ಜಗಿದು ಗುಂಡ್ಲುಪೇಟೆಯಲ್ಲಿ ಅಕ್ಕನ ಮನೆಗೆ ಊಟಕ್ಕೆ. ಗುರುಮಲ್ಲಮ್ಮ, ನನ್ನ ಒಡಹುಟ್ಟಿದವಳು. ಅವಳ ಮಗಳು ಕಾವ್ಯಶ್ರೀಯನ್ನೇ ಕಟ್ಟಿಕೊಂಡವನು ನಾನು, ಹಾಗಾಗಿ ಅತ್ತೆಯೂ ಹೌದು. ಭಾವ ಚಿಕ್ಕಮಲ್ಲಪ್ಪ ಸೈಕಲ್ಲಿನ ಟೈರು ಒತ್ತಿ ನೋಡಿದರು. ಪ್ರತಿ ಸಲ ನೋಡುತ್ತಾರೆ. ಅವರೇ ಮೈಸೂರಿನಿಂದ ತರಿಸಿ ಹಾಕಿಸಿದ ಟೈರು.

"ಗಟ್ಟಿ ಮಾಲು ಕಣ್ಲಾ. ಇನ್ ಯಾವತ್ತೂ ಆ ತರ ನಡು ದಾರೀಲಿ ಕೈ ಕೊಡಲ್ಲ" ಎಂದರು.

ಅನ್ನ ಗಂಟಲಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇನ್ನೊಂದು ಸುತ್ತು ಸಾರು ಹಾಕಿಸಿಕೊಂಡೆ.

ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಹೋದ ನವೆಂಬರ್ ನಾಲ್ಕು, ಭಾನುವಾರ. ಕಾವ್ಯಶ್ರೀ ತವರಿನಲ್ಲಿದ್ದಳು. ಮೂರು ದಿನದಿಂದ ತಲೆನೋವು. ಎಂಟು ಗಂಟೆಗೆ ಅಲ್ಲಿಗೆ ಹೋಗಿ, ಕೊರಳಿನ ಇಷ್ಟಲಿಂಗ ಬಿಚ್ಚಿ ಅವಳ ಕೈಗೆ ಕೊಟ್ಟೆ. ಲಿಂಗ ಕಟ್ಟಿಕೊಂಡು ಬಿಯರ್ ಕುಡಿಯುವಷ್ಟು ಧೈರ್ಯ ನನಗಿಲ್ಲ. ಮದುವೆಗೆ ಮುಂಚೆ ಕಿಟಕಿಯ ಮೊಳೆಗೆ ನೇತುಹಾಕಿ ಹೋಗುತ್ತಿದ್ದೆ. ಅವಳು ಬಂದ ಮೇಲೆ, "ಮೊಳೆಗೆಲ್ಲ ಬ್ಯಾಡ ಮಾವ, ನಂಗೆ ಕೊಡಿ" ಎಂದು ತಾನೇ ಇಸಿದುಕೊಳ್ಳುತ್ತಿದ್ದಳು. ಬೈಯುತ್ತಲೇ. ಅವತ್ತು ಬೈಯಲಿಲ್ಲ. ಹನ್ನೆರಡಕ್ಕೆ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ. ಮದ್ದೂರಿನಲ್ಲಿ ಪುಟ್ಟಮಾದು ಏಳನೇ ಕ್ಯಾನು ತೆರೆದಿದ್ದ. ಫೋನಿಗೆ ಸಿಗ್ನಲ್ ಇಲ್ಲ. ಗುಂಡ್ಲುಪೇಟೆಗೆ ಬಂದಾಗ ಮೂರು ಗಂಟೆ. ಮನೆಗೆ ಬೀಗ. ಮೈಸೂರಿನ ಆಸ್ಪತ್ರೆಗೆ ಎಂದರು ಪಕ್ಕದ ಮನೆಯವರು. ಬಸ್ಸಿನಲ್ಲಿ ಹೋದೆ. ಐದಕ್ಕೇ ಮುಗಿದಿತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ.

ಎಲ್ಲಿದ್ದೆಯೋ ಎಂದು ಯಾರೋ ಕೇಳಿದರು. ಪಂಚರ್ ಆಯಿತು, ಮದ್ದೂರಿನಿಂದ ತಳ್ಳಿಕೊಂಡು ಬಂದೆ ಎಂದೆ. ಅಕ್ಕ ಅದನ್ನೇ ನೆಂಟರಿಗೆಲ್ಲ ಹೇಳಿದಳು. ಪಾಪ, ಹನ್ನೆರಡು ಕಿಲೋಮೀಟರು ತಳ್ಕಂಡು ಬಂದವ್ನೆ ಅಂತ.

ಲಿಂಗ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೇಳಲು ಬಾಯಿಲ್ಲ. ಕೇಳಿದರೆ, ಅವಳ ಕೈಗೆ ಯಾಕೆ ಕೊಟ್ಟಿದ್ದೆ ಅನ್ನುವುದು ಮೊದಲು ಬರುತ್ತದೆ. ಮಣ್ಣು ಮಾಡಿದ ಸಂಜೆ, ಬಿಳಿ ಬಟ್ಟೆಯಲ್ಲಿ ಒಂದು ಗೋಟಡಿಕೆ ಸುತ್ತಿ ಶಿವದಾರಕ್ಕೆ ಕಟ್ಟಿಕೊಂಡೆ. ಅಷ್ಟೇ ದಪ್ಪ. ಅಂಗಿಯೊಳಗೆ ಯಾರಿಗೂ ತಿಳಿಯುವುದಿಲ್ಲ.

ಈಗ ಮದ್ದೂರಿಗೆ ಹೋಗುವಾಗ ಏನನ್ನೂ ಬಿಚ್ಚಿಡುವ ಗೋಜಿಲ್ಲ.


ಆಗಸ್ಟ್ 2

ಶ್ರಾವಣ. ಒಂದು ತಿಂಗಳು ಬಿಯರ್ ಇಲ್ಲ. ಪುಟ್ಟಮಾದುಗೆ ಫೋನ್ ಮಾಡಿ ಹೇಳಿದೆ. ಅಡಿಕೆ ಕಟ್ಟಿಕೊಂಡವನಿಗೆ ಶ್ರಾವಣದ ನೇಮ ಬೇರೆ. ನಗು ಬರಬೇಕಿತ್ತು.


ಸೆಪ್ಟೆಂಬರ್ 7. ಭಾನುವಾರ

ಓಣಂ ಹತ್ತಿರ. ಚೆಂಡುಹೂವು ತುಂಬಿದ ಲಾರಿಗಳು ಸಾಲಾಗಿ ಕೇರಳದ ಕಡೆಗೆ. ಒಂದರ ಹಿಂದೆಯೇ ಮೂರು ಕಿಲೋಮೀಟರು ಹೋದೆ, ಗಾಳಿ ತಾಗದಂತೆ. ಮೊದಲೆಲ್ಲ ಆ ವಾಸನೆಗೆ ತಲೆ ತಿರುಗುತ್ತಿತ್ತು.

ಹದಿಮೂರನೇ ಕ್ಯಾನು. ಆರು ಎಂದು ಬರೆದು ಹೊಡೆದುಹಾಕಿದೆ. ಗೊತ್ತಿಲ್ಲ ಎಂದು ಬರೆದೆ.

ಊಟಕ್ಕೆ ಕೂತಾಗ ಅಕ್ಕ ಹೇಳಿದಳು — ವರ್ಷದ ಕಾರ್ಯ ಅಕ್ಟೋಬರ್ 20, ಸೋಮವಾರ. ಮಠದ ಅಯ್ಯನವರು ಬರುತ್ತಾರೆ. ಗದ್ದಿಗೆಯ ಮುಂದೆ ಗಂಡನಾದವನು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಬೇಕು. ನೆಂಟರೆಲ್ಲ ಸುತ್ತ ಕೂತಿರುತ್ತಾರೆ.

"ಎರಡ್ ದಿನ ರಜ ಆಕು" ಎಂದಳು.

"ಹೂಂ."


ಸೆಪ್ಟೆಂಬರ್ 23

ಸಂಜೆ ಮಠದ ಬಾಗಿಲವರೆಗೂ ಹೋದೆ. ಇನ್ನೊಂದು ಲಿಂಗ ಕೊಡಿ ಎಂದು ಅಯ್ಯನವರನ್ನು ಕೇಳಬಹುದು. ಇದ್ದದ್ದು ಏನಾಯಿತು ಎಂದು ಅವರು ಕೇಳುತ್ತಾರೆ. ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತು, ಮತ್ತೆ ಮೆಟ್ಟಿಕೊಂಡು ಬಂದೆ.

ಮೈಸೂರಿನಲ್ಲಿ ಕೊಳ್ಳಲೂ ಸಿಗುತ್ತದೆ. ಆದರೆ ನನ್ನದರ ಅಂಚು ಒಂದು ಕಡೆ ಸವೆದಿತ್ತು. ಕೂಸಾಗಿದ್ದಾಗಿನಿಂದ ನನ್ನನ್ನು ಎತ್ತಿ ಆಡಿಸಿದವಳು ಅಕ್ಕ. ಅವಳಿಗೆ ಗೊತ್ತಾಗದೇ ಇರುತ್ತದೆಯೇ.


ಅಕ್ಟೋಬರ್ 5. ಭಾನುವಾರ

ಹದಿನಾಲ್ಕನೇ ಕ್ಯಾನು. ಹೆಜ್ಜೇನು ಹಾಕಿದ್ದಾನೆ. ಬಣ್ಣ ಚೆನ್ನಾಗಿದೆ. ಅಷ್ಟು ಬರೆದು ನಿಲ್ಲಿಸಿದೆ.

ಪುಟ್ಟಮಾದು ಲೋಟ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದ.

"ಸಂತೇಲಿ ನಿಮ್ ಭಾವ್ನೋರು ಸಿಕ್ಕಿದ್ರು ಸಾ. ಅವತ್ತು ನಮ್ ಅಳಿಯಂಗೆ ಪಂಚರಾಗಿ ಎಲ್ಡ್ ಗಂಟೆ ತಳ್ಕಂಡು ಬಂದ ಕನಪ್ಪ, ನಿಮ್ ಕಡೆ ಒಂದು ಪಂಚರ್ ಅಂಗ್ಡಿನೂ ಇಲ್ವಾ ಅಂದ್ರು."

"ನೀನೇನಂದೆ?"

"ಇಲ್ಲ ಅಂದೆ. ಇನ್ನೇನ್ ಅನ್ನದು?" ಲೋಟ ಮಗುಚಿಟ್ಟ. "ಮಾದಪ್ಪನ ಒಕ್ಲು ನಾನು. ಇನ್ನೊಂದ್ ಸಲ ಕೇಳುದ್ರೆ ಸುಳ್ಳು ಯೋಳಕಾಗಕ್ಕಿಲ್ಲ. ನೀವೇ ಯೋಳ್ಬುಡಿ ಸಾ."

ಅಕ್ಕನ ಮನೆಗೆ ಹೋಗಲಿಲ್ಲ. ಬೈಪಾಸ್ ಹಿಡಿದು ಬಂದೆ. ಹೊಸ ಟೈರು, ಸದ್ದೇ ಇಲ್ಲ.


ಅಕ್ಟೋಬರ್ 12

ಎಲ್ಲಿಗೂ ಹೋಗಲಿಲ್ಲ. ಸೈಕಲ್ ಒರೆಸಿದೆ.


ಅಕ್ಟೋಬರ್ 19. ಭಾನುವಾರ, ಮಧ್ಯಾಹ್ನ 1.20. ಅಕ್ಕನ ಮನೆ ಜಗಲಿ

ಮದ್ದೂರಿಗೆ ಹೋಗಲಿಲ್ಲ. ನೇರ ಇಲ್ಲಿಗೇ. ನಾಳೆಯ ಕಾರ್ಯಕ್ಕೆ ಸಾಮಾನು ತರಲು ಭಾವ ಪೇಟೆಗೆ ಹೋಗಿದ್ದರು. ಅಕ್ಕ ಒಬ್ಬಳೇ ಅಕ್ಕಿ ಆರಿಸುತ್ತಿದ್ದಳು.

ಎದುರು ಕೂತು ಶಿವದಾರ ಬಿಚ್ಚಿದೆ. ಬಟ್ಟೆ ಬಿಡಿಸಿ ಗೋಟಡಿಕೆಯನ್ನು ಮೊರದ ಅಂಚಿಗಿಟ್ಟೆ. ಪಂಚರ್ ಆಗಿರಲಿಲ್ಲ ಅಕ್ಕ, ಕುಡಿಯುತ್ತಾ ಕೂತಿದ್ದೆ ಎಂದೆ. ಅಷ್ಟೇ. ಹನ್ನೊಂದು ತಿಂಗಳು ಹೊತ್ತಿದ್ದು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಅವಳು ಅದನ್ನು ಎತ್ತಿ ನೋಡಿದಳು.

"ಅಡ್ಕೆನಾ? ನಾನು ಗೋಲಿ ಅನ್ಕಂಡಿದ್ದೆ."

ಒಳಗೆ ಹೋಗಿ ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಕವರು ತಂದಳು. ಕಾವ್ಯಶ್ರೀಯ ಓಲೆ, ಬಳೆ, ಬೆಳ್ಳಿ ಕರಡಿಗೆ. ಕರಡಿಗೆಯೊಳಗೆ ಲಿಂಗ.

"ಇದು ಅವ್ಳ್ದು. ಮಣ್ ಮಾಡೋವಾಗ ಸೆರಗ್ನ ಗಂಟಲ್ಲಿ ಒಂದು ಸಿಕ್ತು. ಅವ್ಳ್ದೇ ಅನ್ಕಂಡು ಅಯ್ನೋರು ಅದ್ನೇ ಎಡಗೈಲಿ ಇಟ್ರು. ಒಂಬತ್ತ್ನೇ ದಿನ ಈ ಕವರ್ ಬಿಚ್ಚುದ್ರೆ ಇದು ಸಿಕ್ತು. ಅಂಗಾರೆ ಮಣ್ಣಲ್ಲಿರದು ನಿಂದು. ಭಾನುವಾರ ಗಂಡಸು ಲಿಂಗ ಬಿಚ್ಚಿ ಎಡ್ತಿ ಕೈಗೆ ಯಾಕ್ ಕೊಟ್ಟಾನು? ಅಷ್ಟೂ ತಿಳಿಯಕ್ಕಿಲ್ವಾ ನಂಗೆ?"

"ಗೊತ್ತಿದ್ದೂ ಎಲ್ಲರಿಗೂ ಪಂಚರ್ ಅಂದೆಯಲ್ಲ..."

"ಮಗ್ಳೂ ಓದ್ಲು. ಕೇಳುದ್ರೆ ತಮ್ಮನೂ ಓಗ್ಬುಟ್ರೆ? ಅದ್ಕೆ ಸುಮ್ಕಿದ್ದೆ ಕಣ."

ಕರಡಿಗೆ ನನ್ನ ಕೈಗಿಟ್ಟಳು. ನಾಳೆ ಇದನ್ನೇ ಅಂಗೈಯಲ್ಲಿಟ್ಟುಕೊ ಎಂದಳು. ಕಟ್ಟಿಕೊಂಡೆ. ಎದೆಗೆ ತಣ್ಣಗೆ ತಾಗಿತು. ಬಹಳ ದಿನದ ಮೇಲೆ ಏನೋ ಒಂದು ತಾಗಿದ್ದು ಗೊತ್ತಾಯಿತು. ಇನ್ನು ಮುಗಿಯಿತು ಅಂದುಕೊಂಡೆ.

ಅಕ್ಕ ಮತ್ತೆ ಮೊರ ಎತ್ತಿಕೊಂಡಳು. ಅಕ್ಕಿ ಕಡೆ ನೋಡುತ್ತಲೇ ಹೇಳಿದಳು.

"ಒಂದು ಮಾತ ಯಾರ್ಗೂ ಯೋಳಿಲ್ಲ ಮಲ್ಲೇಸ. ಅವತ್ತು ಅನ್ನೆರಡೂವರೆಗೇ ಕಾರು ಬಾಗ್ಲಿಗೆ ಬಂದಿತ್ತು. ಅವ್ಳು ಕಾರು ಅತ್ನಿಲ್ಲ. ಸೆರಗ್ನ ಗಂಟು ಇಡ್ಕಂಡು ಇದೇ ಜಗ್ಲಿ ಮ್ಯಾಲೆ ಕೂತ್ಬುಟ್ಲು. ಮಾವನ ಲಿಂಗ ನನ್ ತಾವದೆ, ಇದಿಲ್ದೆ ಅವ್ರು ಒಂದು ತುತ್ತೂ ಬಾಯ್ಗಿಡಲ್ಲ, ಅಸ್ಕಂಡು ಬತ್ತರೆ, ಕೊಟ್ಬುಟ್ಟು ಓಗನ ಅಂದ್ಲು. ಎಷ್ಟ್ ಬಯ್ದ್ರೂ ಏಳ್ನಿಲ್ಲ. ಎಲ್ಡ್ ಗಂಟೆಗೆ ತಲೆ ಇಡ್ಕಂಡು ಬಿದ್ಲು. ಆಮ್ಯಾಕೆ ಎತ್ಕಂಡೋಗಿದ್ದು. ಇನ್ನೊಂಚೂರು ಮೊದ್ಲೇ ತರ್ಬಾರ್ದಿತ್ತಾ ಅಂದ್ರು ಡಾಕ್ಟ್ರು."

ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಕುಡುದ್ರೆ ಕುಡ್ಕೊ, ಓಗ್ಲಿ. ಅವತ್ತು ಏನೂ ಉಂಡಿರ್ನಿಲ್ಲ ತಾನೇ ನೀನು?"

ಆಮೇಲೆ ಎಲೆ ಹಾಕ್ತೀನಿ ಬಾ ಎಂದು ಒಳಗೆ ಹೋದಳು. ಸೈಕಲ್ ಚೀಲದಿಂದ ಈ ಡೈರಿ ತೆಗೆದುಕೊಂಡು ಕೂತೆ.

ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆ ಆಗದೆ ನೀರನ್ನೂ ಮುಟ್ಟುತ್ತಿರಲಿಲ್ಲ ನಾನು. ಅವಳ ಕಣ್ಣೆದುರು. ಅದನ್ನೇ ನಂಬಿದ್ದಳು.

ಅವತ್ತು ಹನ್ನೊಂದೂವರೆಗೆ, ಪುಟ್ಟಮಾದುವಿನ ಅಡುಗೆಮನೆಯಲ್ಲಿ, ಮೂರು ಚಪಾತಿ. ಮೊಟ್ಟೆ ಬುರ್ಜಿ. ಚೆನ್ನಾಗಿದೆ ಎಂದು ಇನ್ನೊಂದು ಕೇಳಿ ಹಾಕಿಸಿಕೊಂಡೆ.

ಅಕ್ಕ ಕರೆಯುತ್ತಿದ್ದಾಳೆ. ಎಲೆ ಹಾಕಿ ಆಗಿದೆ. ಹೋಗಬೇಕು. ಕೂರುವುದಕ್ಕೆ ಮುಂಚೆ ಹೇಳಿಬಿಡಬೇಕು — ಅಕ್ಕ, ಅವತ್ತು ನಾನು